ಎಡಿನ್‌ಬರಾ ಫ್ರಿಂಜ್‌ಗೆ ವಿಮರ್ಶೆ ಬರೆಯುತ್ತೀರಾ? ಮ್ಯಾಪ್ ನಂಬಬೇಡಿ

ಆಗಸ್ಟ್ ಬಂತೆಂದರೆ ಇಲ್ಲಿ ಎಡಿನ್‌ಬರಾದಲ್ಲಿ ಓದುತ್ತಿರುವ ನಮ್ಮ ಹುಡುಗರಲ್ಲಿ ಒಬ್ಬಿಬ್ಬರಾದರೂ ಫ್ರಿಂಜ್ ಅನ್ನೋ ರಂಗೋತ್ಸವದ ನಾಟಕ, ಕಾಮಿಡಿಗಳ ಬಗ್ಗೆ ಬರೆಯಲು ಹೊರಡುತ್ತಾರೆ. ಒಳ್ಳೇದೇ. ಆದರೆ ಪ್ರತಿ ಸಲ ಎಲ್ಲರೂ ಎಡವುವ ಜಾಗ ಒಂದೇ.

ಮೊದಲು ಟಿಕೆಟ್. ಜೇಬಿನಿಂದ ದುಡ್ಡು ಹಾಕುವ ಮುಂಚೆ, ಯಾವ ಪತ್ರಿಕೆಗೆ ಬರೆಯುತ್ತೀರೋ ಅದರ ಹೆಸರು ಹೇಳಿ ಪ್ರೆಸ್ ಟಿಕೆಟ್, ಅಂದರೆ ವಿಮರ್ಶಕರಿಗೆ ಕೊಡುವ ಬಿಟ್ಟಿ ಟಿಕೆಟ್ ಕೇಳಿ. ನಾಟಕದವರ ಪಿಆರ್‌ಗೋ (ಪ್ರಚಾರ ನೋಡಿಕೊಳ್ಳುವವರು) ಅಲ್ಲಿನ ಪ್ರೆಸ್ ಆಫೀಸಿಗೋ ಒಂದು ಮೇಲ್ ಸಾಕು. ಮೊದಲ ಕೆಲವು ದಿನ ಪ್ರಿವ್ಯೂ, ಅಂದರೆ ಇನ್ನೂ ತಿದ್ದಿಕೊಳ್ಳುವ ಹಂತದ ಪ್ರದರ್ಶನ ಇರುತ್ತೆ, ಆಗ ಕರೆಯದೆ ಹೋಗಿ ಬರೆಯಬೇಡಿ.

ಈಗ ನಿಜವಾದ ಸಮಸ್ಯೆ. ಫ್ರಿಂಜ್‌ನ ಹೆಚ್ಚಿನ ಶೋಗಳು ಸುಮಾರು ಒಂದು ಗಂಟೆಯವು. ಎರಡಕ್ಕೊಂದು, ಮೂರೂ ಕಾಲಿಗೊಂದು ಅಂತ ಹೊಸಬರು ದಿನಕ್ಕೆ ಆರು ಶೋ ಹಾಕಿಕೊಳ್ಳುತ್ತಾರೆ. ಮ್ಯಾಪ್‌ನಲ್ಲಿ ಎಲ್ಲವೂ ಪಕ್ಕಪಕ್ಕದಲ್ಲೇ ಕಾಣುತ್ತವೆ, ಅಲ್ವಾ? ಆದರೆ ಇಲ್ಲಿನ ಓಲ್ಡ್ ಟೌನ್‌ಗೆ ಎರಡು ಅಂತಸ್ತು. ಮೇಲೆ ಸೌತ್ ಬ್ರಿಜ್, ಜಾರ್ಜ್ ಫೋರ್ತ್ ಬ್ರಿಜ್. ಅವೆರಡರ ಅಡಿಯಲ್ಲಿ ಹಾದುಹೋಗುತ್ತೆ ಕೌಗೇಟ್ ಬೀದಿ. ಎರಡೂ ಕಡೆ ಕಟ್ಟಡ, ಅಂಗಡಿ ಇರುವುದರಿಂದ ಸೇತುವೆ ಮೇಲಿದ್ದೇವೆ ಅನ್ನೋದೇ ಗೊತ್ತಾಗಲ್ಲ. ಸೌತ್ ಬ್ರಿಜ್‌ಗೆ 19 ಕಮಾನು, ಕಣ್ಣಿಗೆ ಕಾಣುವುದು ಒಂದೇ.

ಪರಿಚಯದ ಹುಡುಗನೊಬ್ಬ ಸೌತ್ ಬ್ರಿಜ್ ಮೇಲೆ ನಿಂತು ಫೋನ್ ಮಾಡಿದ್ದ. "ಅಕ್ಕಾ, ಇಲ್ಲೇ ಅಂತ ತೋರಿಸ್ತಿದೆ, ಬಾಗಿಲೇ ಇಲ್ಲ." ಬಾಗಿಲು ಅವನ ಕಾಲ ಕೆಳಗಿತ್ತು. ಬ್ಲೇರ್ ಸ್ಟ್ರೀಟ್ ಇಳಿದು ಹೋಗು ಅಂದೆ. ಜಾರ್ಜ್ ಫೋರ್ತ್ ಬ್ರಿಜ್ ಕಡೆಯಿಂದಾದರೆ ಕ್ಯಾಂಡಲ್‌ಮೇಕರ್ ರೋ ಇಳಿಯಬೇಕು. ಅವನು ಓಲ್ಡ್ ಟೌನ್‌ನ ಮುಖ್ಯ ಬೀದಿ ರಾಯಲ್ ಮೈಲ್‌ನ ಜನಜಂಗುಳಿ, ಕೈಗೆ ಫ್ಲೈಯರ್ ತುರುಕುವವರನ್ನೆಲ್ಲ ದಾಟಿ ತಲುಪುವಷ್ಟರಲ್ಲಿ ಬಾಗಿಲು ಹಾಕಿತ್ತು. ತಡವಾಗಿ ಬಂದವರನ್ನು ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. ಕೊಂಡ ಟಿಕೆಟ್ ಆದರೆ ದುಡ್ಡು ಹೋಯಿತು. ಪ್ರೆಸ್ ಟಿಕೆಟ್ ಆದರೆ ಇನ್ನೂ ಕಷ್ಟ, ಖಾಲಿ ಸೀಟು ಯಾರದು ಅಂತ ಪಿಆರ್ ನೆನಪಿಟ್ಟುಕೊಳ್ಳುತ್ತಾರೆ. ಬೆಂಗಳೂರಿನ ರಂಗಶಂಕರಕ್ಕೆ ಹೋಗಿ ಅಭ್ಯಾಸ ಇರುವವರಿಗೆ ಹೀಗೆ ಸಮಯಕ್ಕೆ ಬಾಗಿಲು ಹಾಕುವುದು ಹೊಸತಲ್ಲ. ಮುಖ್ಯ ಅತಿಥಿಗಾಗಿ ಮುಕ್ಕಾಲು ಗಂಟೆ ಕಾಯಿಸುವುದಕ್ಕಿಂತ ಈ ಪದ್ಧತಿಯೇ ಮೇಲು ಅನ್ನೋದು ನನ್ನ ಅಭಿಪ್ರಾಯ.

ಹಾಗಾಗಿ ಒಂದೇ ಕಡೆ ಹಲವು ವೇದಿಕೆ ಇರುವ ಜಾಗ ಆರಿಸಿಕೊಳ್ಳಿ: ಒಂದು ದಿನ ಪೂರ್ತಿ ಪ್ಲೆಸೆನ್ಸ್ ಕೋರ್ಟ್‌ಯಾರ್ಡ್‌ನಲ್ಲೇ ಕಳೆಯಿರಿ, ಮಾರನೇ ದಿನ ಸಮ್ಮರ್‌ಹಾಲ್‌ನಲ್ಲಿ. ಜಾಗ ಬದಲಿಸಲೇಬೇಕಾದರೆ ಮಧ್ಯೆ ನಲವತ್ತು ನಿಮಿಷ ಬಿಡಿ. ದಿನಕ್ಕೆ ಮೂರು ಶೋ ಸಾಕು, ಬರೆಯೋದಕ್ಕೂ ಸಮಯ ಬೇಕಲ್ಲ. ಶೋ ಮುಗಿದು ವಾರವಾದ ಮೇಲೆ ಬಂದ ವಿಮರ್ಶೆ ಯಾರಿಗೂ ಬೇಡ.

ಸ್ಟಾರ್ ಪದ್ಧತಿ ನನಗೆ ಇಷ್ಟವಿಲ್ಲ. ಐದರಲ್ಲಿ ಮೂರು ಅಂದರೆ ಚೆನ್ನಾಗಿದೆ ಅಂತಲೇ ಅರ್ಥ. ಆದರೆ ಪೋಸ್ಟರ್ ಮೇಲೆ ಅಂಟಿಸುವುದು ನಾಲ್ಕು, ಐದು ಮಾತ್ರ. ಪಾಪ ಅನ್ನಿಸಿ ಹೊಸಬರು ಎಲ್ಲರಿಗೂ ನಾಲ್ಕು ಹಂಚುತ್ತಾರೆ. ಬೇಡ. 1947ರಲ್ಲಿ ಎಡಿನ್‌ಬರಾ ಅಂತಾರಾಷ್ಟ್ರೀಯ ಉತ್ಸವಕ್ಕೆ ಕರೆಯದೆ ಬಂದ ಎಂಟು ತಂಡಗಳಿಂದ ಶುರುವಾದದ್ದು ಫ್ರಿಂಜ್. ಇವತ್ತಿಗೂ ಯಾವ ಸಮಿತಿಯೂ ಶೋಗಳನ್ನು ಆರಿಸುವುದಿಲ್ಲ. ಯಾವುದು ಜೊಳ್ಳು ಅಂತ ಹೇಳುವ ಕೆಲಸ ನಿಮ್ಮದೇ. ಹಾಂ, ಕಾಮಿಡಿಯವರ ಜೋಕುಗಳನ್ನು ಬರೆದು ಹಾಳು ಮಾಡಬೇಡಿ. ಫ್ರೀ ಶೋ ಆದರೆ ಕೊನೆಗೆ ಬಕೆಟ್ ಹಿಡಿದು ನಿಲ್ಲುತ್ತಾರೆ, ವಿಮರ್ಶಕರೂ ಅದಕ್ಕೆ ದುಡ್ಡು ಹಾಕಬೇಕು.

ಸಂಗೀತವೇ ಆಸಕ್ತಿಯಾದರೆ ಜನವರಿಯಲ್ಲಿ ಗ್ಲ್ಯಾಸ್ಗೋದ ಕೆಲ್ಟಿಕ್ ಕನೆಕ್ಷನ್ಸ್ ಸಂಗೀತೋತ್ಸವಕ್ಕೆ ಹೋಗಿ. ಚಳಿ ಜಾಸ್ತಿ, ಗಡಿಬಿಡಿ ಕಮ್ಮಿ.

ಇನ್ನು ದುಡ್ಡಿನ ವಿಷಯ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ. ಫ್ರೀಲಾನ್ಸ್ ಆಗಿ ವಿಮರ್ಶೆ ಬರೆದು ಬಿಲ್ ಕಳಿಸುವುದೂ ಅದರಲ್ಲೇ ಬರುತ್ತೆ. "ವಾರಕ್ಕೆ 20 ಗಂಟೆ ಕೆಲಸ ಮಾಡಬಹುದಲ್ಲ" ಅಂತಾರೆ. ಅದು ನೌಕರಿಗೆ ಸೇರಿದವರ ಲೆಕ್ಕ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಬೇಡಿ, ಯೂನಿವರ್ಸಿಟಿಯ ವೀಸಾ ಸಲಹೆಗಾರರನ್ನು ಕೇಳಿ. ಅಲ್ಲಿಯವರೆಗೆ ಸಂಪಾದಕರು ಎಷ್ಟೇ ಕಡಿಮೆ ದುಡ್ಡು ಕೊಟ್ಟರೂ ತಗೋಬೇಡಿ.