ಎಂಜಿನ್ ಕೆಲಸ ಆದ ಮೇಲೆ ಬೆಲ್ಟ್ ಕಿರುಚಿದರೆ, ಹೀಟರ್ ಬಿಸಿಯಾಗದಿದ್ದರೆ

ಎಂಜಿನ್ ಬಿಚ್ಚಿ ಕಟ್ಟಿಸಿದವರು ಜಾಸ್ತಿ ತರುವ ದೂರು ಎರಡು: ಬೆಲ್ಟ್ ಕಿರುಚುತ್ತದೆ, ಹೀಟರ್‌ನಲ್ಲಿ ತಣ್ಣನೆ ಗಾಳಿ ಬರುತ್ತದೆ. ಎರಡನ್ನೂ ಒಟ್ಟಿಗೇ ನೋಡಿ. ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪ್ ತಿರುಗಿಸುವುದು ಅದೇ ಬೆಲ್ಟ್. ಹೀಟರ್‌ಗೆ ಬಿಸಿ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ತಳ್ಳುವುದು ಆ ಪಂಪ್. ನನ್ನ ಗ್ಯಾರೇಜ್ ಇರುವುದು ಮೂಡಿಗೆರೆ ಕಡೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಗಾಜಿಗೆ ಒಳಗಿನಿಂದ ಮಂಜು ಕಟ್ಟಿದರೆ ಎದುರಿಗೆ ಬರುವ ಬಸ್ಸೂ ಕಾಣುವುದಿಲ್ಲ. ಹೀಟರ್ ಇಲ್ಲಿ ಶೋಕಿಗಲ್ಲ.

ಮೊದಲು ಬೆಲ್ಟ್. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಬೆಲ್ಟಿನ ಗೆರೆ ಇರುವ ಬದಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಹೊಡೆಯಿರಿ. ಕೈ, ಅಂಗಿ ತೋಳು ದೂರ ಇರಲಿ. ಸದ್ದು ಜೋರಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ. ಸದ್ದು ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾದರೆ ಪುಲ್ಲಿಗಳು (ಬೆಲ್ಟ್ ಸುತ್ತುವ ಚಕ್ರಗಳು) ಒಂದೇ ಸಾಲಿನಲ್ಲಿಲ್ಲ. ಎಂಜಿನ್ ಕಟ್ಟಿದ ಮೇಲೆ ಈ ಎರಡನೆಯದೇ ಜಾಸ್ತಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬ್ರಾಕೆಟ್ಟಿನ ದಪ್ಪ ವಾಷರ್ ಜಾಗ ಬದಲಾಗಿರುತ್ತದೆ, ಕ್ರ್ಯಾಂಕ್ ಪುಲ್ಲಿ ಪೂರ್ತಿ ಒಳಗೆ ಕೂತಿರುವುದಿಲ್ಲ, ಇಲ್ಲವೇ ಬೆಲ್ಟ್ ಒಂದು ಗೆರೆ ಪಕ್ಕಕ್ಕೆ ಕೂತಿರುತ್ತದೆ. ಎಂಜಿನ್ ಆಫ್ ಮಾಡಿ, ಕೀ ತೆಗೆದು, ಉಕ್ಕಿನ ಸ್ಕೇಲನ್ನು ಎರಡು ಪುಲ್ಲಿಗಳ ಮುಖಕ್ಕೆ ಇಟ್ಟು ನೋಡಿ. ಒಂದೇ ಮಟ್ಟಕ್ಕೆ ಇರಬೇಕಾದ ಪುಲ್ಲಿಗಳಾದರೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಸದ್ದು ನಿಲ್ಲಲಿ ಅಂತ ಬೆಲ್ಟನ್ನು ಸುಮ್ನೆ ಬಿಗಿ ಮಾಡುತ್ತಾ ಹೋಗಬೇಡಿ. ಪಂಪಿನ, ಆಲ್ಟರ್ನೇಟರಿನ ಬೇರಿಂಗ್ ಹೋಗುತ್ತದೆ. ಸೋಪು, ಪೌಡರ್ ಹಚ್ಚುವುದಂತೂ ಬೇಡವೇ ಬೇಡ. ಆಯಿಲ್ ಕುಡಿದ ಬೆಲ್ಟನ್ನು ಬದಲಿಸಿ, ಆದರೆ ಮೊದಲು ಲೀಕ್ ಎಲ್ಲಿ ಅಂತ ನೋಡಿ.

ನೀರು ಹೊಡೆದರೂ ಸದ್ದು ಹಾಗೇ ಇದ್ದರೆ ಬೇರಿಂಗ್ ಮೇಲೆ ಅನುಮಾನ. ಬೆಲ್ಟ್ ಬಿಚ್ಚಿ ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ. ಒರಟಾಗಿ ತಿರುಗಿದರೆ, ಅಲ್ಲಾಡಿದರೆ ಕಳ್ಳ ಸಿಕ್ಕಿದ. ಮತ್ತೆ ಹಾಕುವಾಗ ಬೆಲ್ಟ್ ಹೋಗುವ ದಾರಿಯನ್ನು ಬಾನೆಟ್ ಕೆಳಗಿನ ಚಿತ್ರದ ಜೊತೆ ಹೋಲಿಸಿ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟಿನ ನಯವಾದ ಬೆನ್ನು ಪಂಪನ್ನು ತಿರುಗಿಸುತ್ತದೆ. ದಾರಿ ತಪ್ಪಿದರೆ ಪಂಪ್ ಉಲ್ಟಾ ತಿರುಗಿ ಕೂಲೆಂಟ್ ಸರಿಯಾಗಿ ಹರಿಯುವುದಿಲ್ಲ.

ಈಗ ಹೀಟರ್. ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ಹೀಟರಿಗೆ ಹೋಗುವ ಎರಡೂ ಹೋಸ್ ಮುಟ್ಟಿ ನೋಡಿ. ಸುಡುತ್ತದೆ, ಬಟ್ಟೆ ಇರಲಿ. ಎರಡೂ ಬಿಸಿ ಇದ್ದರೆ ತೊಂದರೆ ಡ್ಯಾಶ್‌ಬೋರ್ಡ್ ಒಳಗಿನ ಕೇಬಲ್ ಅಥವಾ ಫ್ಲಾಪಿನದು. ಒಂದು ಬಿಸಿ, ಒಂದು ತಣ್ಣಗೆ ಅಂದರೆ ಹರಿವಿಲ್ಲ: ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ), ಮುಚ್ಚಿದ ಹೀಟರ್ ವಾಲ್ವ್, ಇಲ್ಲವೇ ಕಟ್ಟಿಕೊಂಡ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಒಳಗಿನ ಸಣ್ಣ ರೇಡಿಯೇಟರ್). ಗ್ಯಾಸ್ಕೆಟ್ಟಿಗೆ ಬಳಿದ ಸಿಲಿಕೋನ್ ಜಾಸ್ತಿಯಾಗಿ ಅದರ ಚೂರುಗಳು ಕೋರ್‌ನಲ್ಲಿ ಸಿಕ್ಕಿಕೊಳ್ಳುವುದುಂಟು. ಎರಡೂ ಹೋಸ್ ತಣ್ಣಗಿದ್ದರೆ ಕೂಲೆಂಟ್ ಮಟ್ಟ ನೋಡಿ, ಆಮೇಲೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್. ‘ನಮ್ಮ ಸೆಕೆಗೆ ಇದು ಯಾಕೆ’ ಅಂತ ಅದನ್ನು ತೆಗೆದೇ ಬಿಡುವ ಮೆಕ್ಯಾನಿಕ್‌ಗಳಿದ್ದಾರೆ. ಇದು ನನಗೆ ಒಪ್ಪಿಗೆಯಿಲ್ಲ. ಹೊಸದಾಗಿ ಕಟ್ಟಿದ ಎಂಜಿನ್ ಸರಿಯಾದ ಬಿಸಿಗೆ ಬರದೆ ಓಡಿದರೆ ಸವೆತ ಜಾಸ್ತಿ, ಡೀಸೆಲ್ಲೂ ಜಾಸ್ತಿ. ಹೀಟರ್ ಹೋಸ್‌ಗಳನ್ನೇ ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡಿದ ಗಾಡಿಗಳೂ ಬರುತ್ತವೆ, ಅವುಗಳಲ್ಲಿ ಹೀಟರಿಗೆ ಕೂಲೆಂಟ್ ಹೋಗುವುದೇ ಇಲ್ಲ.

ಏರ್ ಲಾಕ್ ತೆಗೆಯಲು ಎಂಜಿನ್ ಪೂರ್ತಿ ತಣ್ಣಗಾಗಲಿ. ಗಾಡಿಯ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಫುಲ್ ಬಿಸಿಗೆ ಇಟ್ಟು, ಕೂಲೆಂಟನ್ನು ನಿಧಾನವಾಗಿ ತುಂಬಿ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ನಿಂತು ಬರೀ ಕೂಲೆಂಟ್ ಬರುವವರೆಗೆ ಸಡಿಲಿಸಿಡಿ. ಆಮೇಲೆ ಸ್ಟಾರ್ಟ್ ಮಾಡಿ, ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ಥರ್ಮೋಸ್ಟಾಟ್ ತೆರೆದು ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಬಿಸಿ ತೋರಿಸುವ ಗೇಜ್ ಒಂದನ್ನೇ ನಂಬಬೇಡಿ. ಸೆನ್ಸರ್ ಗಾಳಿಯಲ್ಲಿ ಕೂತಿದ್ದರೆ ಮುಳ್ಳು ಕೆಳಗೇ ಇರುತ್ತದೆ, ಎಂಜಿನ್ನಿನ ಮೇಲ್ಭಾಗದ ಹೆಡ್ ಮಾತ್ರ ಕಾದು ಬಾಗುತ್ತದೆ. ಗುಳ್ಳೆ ನಿಲ್ಲದೇ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.

ನಿಂತಾಗ ಹೀಟರ್ ತಣ್ಣಗೆ, ರೇಸ್ ಕೊಟ್ಟರೆ ಬಿಸಿ ಅಂದರೆ ಕೂಲೆಂಟ್ ಮಟ್ಟ ನೋಡಿದ ಮೇಲೆ ಮತ್ತೆ ಬೆಲ್ಟಿಗೇ ಬನ್ನಿ, ಅದು ಜಾರಿದರೆ ಪಂಪ್ ಸರಿಯಾಗಿ ತಿರುಗುವುದಿಲ್ಲ. ಹೊಸ ಬೆಲ್ಟ್ ಹಿಗ್ಗುತ್ತದೆ. ತಾನೇ ಬಿಗಿಯಾಗುವ ಟೆನ್ಷನರ್ ಇಲ್ಲದ ಗಾಡಿಯಾದರೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ, ಅದೇ ದಿನ ತಣ್ಣನೆ ಎಂಜಿನ್ನಿನಲ್ಲಿ ಕೂಲೆಂಟ್ ಮಟ್ಟವನ್ನೂ ನೋಡಿ.