ಬೀಜ ಇಳಿಯದ ಮಗು: ತಾಯಿಯನ್ನು ನಾನು ಏನು ಕೇಳುತ್ತೇನೆ

ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್. ಗಂಡು ಮಗು ಹುಟ್ಟಿದರೆ ಎರಡೂ ಬೀಜ (ವೃಷಣ) ಚೀಲಕ್ಕೆ ಇಳಿದಿವೆಯಾ ಅಂತ ಮುಟ್ಟಿಯೇ ನೋಡುತ್ತೇನೆ. ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ 2ರಿಂದ 4 ಮಕ್ಕಳಿಗೆ ಒಂದಾದರೂ ಇಳಿದಿರುವುದಿಲ್ಲ. ದಿನ ತುಂಬದವರಲ್ಲಿ ಇದು 30ರವರೆಗೂ ಹೋಗುತ್ತದೆ. ಕೊನೆಯ ತಿಂಗಳುಗಳಲ್ಲೇ ಅವು ಕೆಳಗೆ ಇಳಿಯುವುದು, ಅದಕ್ಕೇ.

ಕೈ ಮೊದಲು ಬೆಚ್ಚಗೆ ಮಾಡಿಕೊಳ್ಳಬೇಕು. ಬೆರಳಿಗೆ ಸ್ವಲ್ಪ ಸೋಪಿನ ನೀರು ಹಚ್ಚಿ, ಸೊಂಟದ ಮೂಳೆಯಿಂದ ತೊಡೆಸಂದಿಯ ಗುಂಟ ಕೆಳಗೆ ಸವರಿಕೊಂಡು ಬರುತ್ತೇನೆ. ಇನ್ನೊಂದು ಕೈ ಚೀಲದ ಹತ್ತಿರ ಕಾಯುತ್ತಿರುತ್ತದೆ. ಸ್ಕ್ಯಾನಿಂಗ್ ಬೇಕಿಲ್ಲ. ಆದರೆ ಎರಡೂ ಸಿಗದಿದ್ದರೆ ಕಾಯುವ ಮಾತೇ ಇಲ್ಲ, ಹಾರ್ಮೋನ್ ಪರೀಕ್ಷೆಗೆ ತಕ್ಷಣ ಹುಬ್ಬಳ್ಳಿಗೆ ಕಳಿಸುತ್ತೇನೆ.

ಆಮೇಲೆ ತಾಯಿಯ ಜೊತೆ ಮಾತು. ಎಷ್ಟು ವಾರಕ್ಕೆ ಹೆರಿಗೆ, ತೂಕ ಎಷ್ಟು, ಬಸುರಿದ್ದಾಗ ಸಕ್ಕರೆ ಕಾಯಿಲೆ ಇತ್ತಾ, ತಂದೆಗೋ ಅಣ್ಣನಿಗೋ ಹೀಗೇ ಆಗಿತ್ತಾ. ಮುಟ್ಟಿನ ತಾರೀಖು ಕೇಳಿದರೆ ಕೆಲವರಿಗೆ ನೆನಪಿರುವುದಿಲ್ಲ. "ಪಂಚಮಿಗೆ ತವರಿಗೆ ಬಂದಾಗ ಆಗಿತ್ರಿ" ಅಂದರೆ ಸಾಕು, ಲೆಕ್ಕ ಸಿಗುತ್ತದೆ.

"ತಂಬಾಕು ತಿಂತೀರಾ?" ಅಂದರೆ ಎಲ್ಲರೂ "ಇಲ್ರಿ" ಅನ್ನುತ್ತಾರೆ. ಅದಕ್ಕೇ "ಹಲ್ಲು ಯಾತರಲೆ ತಿಕ್ತೀರಿ?" ಅಂತ ಕೇಳುತ್ತೇನೆ. ಆಗ ಕಡ್ಡಿಪುಡಿ ಹೊರಗೆ ಬರುತ್ತದೆ. ಹೊರದೇಶದ ಅಧ್ಯಯನಗಳು ಹೇಳುವುದು ತಾಯಿಯ ಸಿಗರೇಟಿನ ಬಗ್ಗೆ. ನಮ್ಮಲ್ಲಿ ಹೆಂಗಸರು ಸೇದುವುದು ಕಡಿಮೆ. ಆದರೆ ಬಾಯಿಗೆ ಹಾಕುವ ತಂಬಾಕಿನಿಂದಲೂ ಮಗುವಿನ ತೂಕ ಕಡಿಮೆಯಾಗುತ್ತದೆ, ಹೆರಿಗೆಯೂ ಬೇಗ ಆಗಬಹುದು. ಬೀಜ ಇಳಿಯದಿರುವುದಕ್ಕೆ ಈ ಎರಡೂ ದೊಡ್ಡ ಕಾರಣಗಳೇ ಅಲ್ವಾ? ಮೆಣಸಿನಕಾಯಿ, ಹತ್ತಿ ಹೊಲದ ಔಷಧಿಯ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೂ ಬಸುರಿ ಆ ಹೊಲಕ್ಕೆ ಹೋಗುವುದು ಬೇಡ ಅನ್ನುತ್ತೇನೆ.

ಅತ್ತೆ ಪಕ್ಕದಲ್ಲಿದ್ದರೆ "ಗ್ರಹಣದಾಗ ಹೊರಗ ಬಂದಿದ್ಲು" ಅನ್ನುವುದೂ ಉಂಟು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಇವಳ ತಪ್ಪೇನೂ ಇಲ್ಲ ಅಂತ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ನಾನು ಇಷ್ಟೆಲ್ಲ ಕೇಳುವುದು ಯಾವ ಮಗುವನ್ನು ಬಿಡದೆ ಮತ್ತೆ ನೋಡಬೇಕು ಅಂತ ತಿಳಿಯುವುದಕ್ಕೆ.

ನನ್ನ ಪ್ರಕಾರ ನಮ್ಮ ಕಡೆ ನಿಜವಾದ ತೊಂದರೆ ಬೇರೆಯೇ ಇದೆ. ಚೊಚ್ಚಲ ಹೆರಿಗೆ ತವರಲ್ಲಿ. ಬಾಣಂತನ ಮುಗಿಸಿ ಐದನೇ ತಿಂಗಳಿಗೆ ಗಂಡನ ಮನೆ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ, ಆರು ತಿಂಗಳಾದ ಮೇಲೆ ಇಳಿಯುವುದು ಅಪರೂಪ. ಅಂದರೆ ಆಪರೇಷನ್ ಬೇಕಾ ಅಂತ ತೀರ್ಮಾನಿಸುವ ಹೊತ್ತಿಗೆ ಸರಿಯಾಗಿ ಮಗು ಊರು ಬದಲಿಸಿರುತ್ತದೆ. ಅಲ್ಲಿನ ಆಶಾ ಕಾರ್ಯಕರ್ತೆಗೆ ಏನೂ ಗೊತ್ತಿರುವುದಿಲ್ಲ.

ಅದಕ್ಕೆ ತಾಯಿ ಕಾರ್ಡ್ ಮೇಲೆ ಕೆಂಪು ಪೆನ್ನಿನಲ್ಲಿ "ಬಲಗಡೆ ಇಳಿದಿಲ್ಲ" ಅಂತ ಕನ್ನಡದಲ್ಲೇ ಬರೆಯುತ್ತೇನೆ. ಮೂರೂವರೆ ತಿಂಗಳ ಲಸಿಕೆಗೆ ಬಂದಾಗ ಮತ್ತೆ ಮುಟ್ಟಿ ನೋಡುತ್ತೇನೆ. ಗಂಡನ ಊರು, ಅವನ ಫೋನ್ ನಂಬರ್ ಅಂದೇ ಬರೆದಿಟ್ಟುಕೊಳ್ಳುತ್ತೇನೆ. ಆರು ತಿಂಗಳು ತುಂಬಿದಾಗ ನಾನೇ ಫೋನ್ ಮಾಡುತ್ತೇನೆ. ಬೇಗ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟು ಕಳೆದು ಎಣಿಸುತ್ತೇನೆ. "ದೊಡ್ಡವನಾಗ್ಲಿ, ಆಮೇಲೆ ನೋಡೋಣ ಬಿಡ್ರಿ" ಅನ್ನುವ ಅಜ್ಜಂದಿರಿಗೂ ಫೋನಿನಲ್ಲೇ ಹೇಳುತ್ತೇನೆ: ಚೀಲದೊಳಗೆ ಮೈಗಿಂತ ತಂಪು, ಮೇಲೆಯೇ ಉಳಿದರೆ ಆ ಕಾವಿಗೆ ಬೀಜ ಕೆಡುತ್ತದೆ, ಮುಂದೆ ಕ್ಯಾನ್ಸರ್ ಭಯವೂ ಜಾಸ್ತಿ, ಒಂದೂವರೆ ವರ್ಷದೊಳಗೆ ಹುಬ್ಬಳ್ಳಿಯಲ್ಲಿ ಮಕ್ಕಳ ಸರ್ಜನ್ ಹತ್ತಿರ ಆಪರೇಷನ್ ಮುಗಿಸಿಬಿಡಿ.