ಆರಿದ್ರ ಮಂಕಾದ ಆ ಚಳಿಗಾಲ

ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಹೊಲದ ಮನೆ ಇದೆ. ಅದರ ಮಾಳಿಗೆಯೇ ನನ್ನ ವೀಕ್ಷಣಾಲಯ. ಎಂಟು ಇಂಚಿನ ಟೆಲಿಸ್ಕೋಪ್ ಇದ್ದರೂ ನಾನು ಜಾಸ್ತಿ ಕಲಿತದ್ದು ಬರಿಗಣ್ಣಿನ ಕೆಲಸದಿಂದ. ಬೆಳಕು ಏರಿಳಿಯುವ ನಕ್ಷತ್ರಗಳನ್ನು ಅಳೆದು ಬರೆದಿಡುತ್ತೇನೆ. ಅಮೆರಿಕದ ಎಎವಿಎಸ್‌ಓ ಎಂಬ ಸಂಘ 1911ರಿಂದ ಇಂಥ ಅಳತೆಗಳನ್ನು ಕೂಡಿಡುತ್ತಿದೆ.

ಕತ್ತಲಾದ ಮೇಲೆ ಚಳ್ಳಕೆರೆ ಕಂಬಳಿ ಹೊದ್ದು ಅರ್ಧ ಗಂಟೆ ಸುಮ್ನೆ ಕೂರುತ್ತೇನೆ. ಕಣ್ಣು ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು. ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ಕೆಂಪು ದೀಪಕ್ಕೆ ಬೆನ್ನು ಹಾಕಿದರೆ ಸಾಕು. ತೊಂದರೆಯೆಲ್ಲ ಬಿಳಿ ಬೆಳಕಿನದು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಪಕ್ಕದ ತೋಟದ ಅಣ್ಣ ಮೋಟರ್ ಹಾಕಲು ಬರುತ್ತಾರೆ. "ನೋಡ್ತಾ ಇದೀಯೇನಪ್ಪಾ?" ಎಂದು ಕೂಗಿ, ಬ್ಯಾಟರಿಯನ್ನು ನೆಲಕ್ಕೆ ಹಿಡಿದೇ ದಾಟುತ್ತಾರೆ.

2019ರ ಕೊನೆಗೆ ಆರಿದ್ರ, ಅಂದರೆ ಬೀಟಲ್‌ಜ್ಯೂಸ್ ಎಂಬ ಕೆಂಪು ನಕ್ಷತ್ರ, ಮಂಕಾಗತೊಡಗಿತು. ಅಳೆಯಲು ಎರಡು ನಕ್ಷತ್ರ ಬೇಕು, ಒಂದು ಅದಕ್ಕಿಂತ ಪ್ರಕಾಶದ್ದು, ಇನ್ನೊಂದು ಮಂಕು. ಪ್ರಕಾಶದ ಅಂಕಿಯಲ್ಲಿ ರೋಹಿಣಿ ಸುಮಾರು 0.9, ಬೆಲ್ಲಾಟ್ರಿಕ್ಸ್ ಎಂಬ ನಕ್ಷತ್ರ 1.6. ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಎರಡರ ನಡುವೆ ಆರಿದ್ರ ಎಲ್ಲಿ ನಿಲ್ಲುತ್ತದೆ ಎಂದು ಕಣ್ಣೇ ಹೇಳಬೇಕು. ಮೂರೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ನಮ್ಮ ಊರಿನ ಅಕ್ಷಾಂಶ 14 ಡಿಗ್ರಿ, ಹಾಗಾಗಿ ಫೆಬ್ರವರಿಯ ಸಂಜೆ ಅವು ನೆತ್ತಿಯ ಹತ್ತಿರವೇ ಸಿಗುತ್ತವೆ. ಕೆಂಪು ನಕ್ಷತ್ರವನ್ನು ದಿಟ್ಟಿಸಬಾರದು. ದಿಟ್ಟಿಸಿದಷ್ಟೂ ಜಾಸ್ತಿ ಹೊಳೆದಂತೆ ಕಾಣುತ್ತದೆ. ಒಮ್ಮೆ ನೋಡಿ, ಕಣ್ಣು ತಿರುಗಿಸಿ, ಮತ್ತೆ ನೋಡಬೇಕು.

ಜನವರಿಯಲ್ಲಿ ಒಂದು ತಪ್ಪು ಮಾಡಿದೆ. ಮಾಳಿಗೆ ಹತ್ತುವ ಮೊದಲು ಬೇರೆಯವರ ಅಳತೆಗಳನ್ನು ಮೊಬೈಲಿನಲ್ಲಿ ನೋಡಿಬಿಟ್ಟೆ. ಆ ರಾತ್ರಿ ನನಗೂ ಅದೇ ಅಂಕಿ ಕಂಡಿತು. ಅದು ನನ್ನ ಕಣ್ಣಿನದೋ, ಓದಿದ್ದೋ? ಆ ಸಾಲು ಹೊಡೆದುಹಾಕಿದೆ. ಅಂದಿನಿಂದ ಮೊಬೈಲ್ ಕೆಳಗೇ ಇರುತ್ತದೆ. ನೋಟ್‌ಬುಕ್ಕಿನ ಹಿಂದಿನ ಪುಟಗಳಿಗೂ ಕ್ಲಿಪ್ ಹಾಕಿಡುತ್ತೇನೆ.

ಫೆಬ್ರವರಿಯ ಒಂದು ಸಂಜೆ ಆರಿದ್ರ, ಬೆಲ್ಲಾಟ್ರಿಕ್ಸ್ ಎರಡೂ ಸಮ ಕಂಡವು. ಮೂರು ಸಲ ನೋಡಿದೆ. ಕೈ ನಡುಗುತ್ತಿತ್ತು, ಚಳಿಗಲ್ಲ. 1.6 ಎಂದು ಬರೆದು ಅವ್ವನನ್ನು ಮೇಲಕ್ಕೆ ಕರೆದೆ.

"ಮಳೆ ನಕ್ಷತ್ರ ಅಲ್ವೇನೋ ಇದು? ಮಂಕಾದ್ರೆ ಮಳೆ ಹೆಂಗೋ?" ಎಂದಳು.

ಆರಿದ್ರ ಮಳೆಯ ದಿನಗಳಲ್ಲಿ ಸೂರ್ಯ ಅದರ ಹತ್ತಿರವೇ ಇರುತ್ತಾನೆ, ಆಗ ನಕ್ಷತ್ರ ಕಾಣುವುದೇ ಇಲ್ಲ ಎಂದೆ. ಅವ್ವ ತುಂಬಾ ಹೊತ್ತು ಮೇಲೆ ನೋಡುತ್ತಾ ನಿಂತಿದ್ದಳು. ಆರಿದ್ರ ಉಗುಳಿದ ಅನಿಲ ತಣಿದು ದೂಳಾಗಿ ಅಡ್ಡ ಬಂದಿತ್ತು ಎಂದು ವಿಜ್ಞಾನಿಗಳು 2021ರಲ್ಲಿ ಹೇಳಿದಾಗ, ಮೊದಲು ಅವ್ವನಿಗೇ ತಿಳಿಸಿದೆ.